ಕಾಲಾಳು ಕೊಡೋಣವೇ, ಬೇಡವೇ?



ಆಡು-ಹುಲಿ ಆಟ ನಿಮಗೆ ಹೊಸದಲ್ಲ. ನೆಲದ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು, ಹುಣಸೆ ಬೀಜ, ಕಲ್ಲು ಇಟ್ಟುಕೊಂಡು ಚಿಕ್ಕಂದಿನಲ್ಲಿ ಎಷ್ಟೋ ಸಲ ಆಡಿದ್ದೀರಿ. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಆಡು. ಊರಿಂದ ಊರಿಗೆ ಲೆಕ್ಕ ಸ್ವಲ್ಪ ಬೇರೆ ಆಗಬಹುದು. ಹುಲಿ ಆಡಿನ ಮೇಲೆ ಹಾರಿ ಅದನ್ನು ತಿನ್ನುತ್ತೆ. ಆಡು ಹುಲಿಯನ್ನು ತಿನ್ನೋ ಹಾಗಿಲ್ಲ. ಸುತ್ತ ನಿಂತು ಕಟ್ಟಿಹಾಕಬೇಕು, ಅಷ್ಟೆ.

ಈ ಆಟದಲ್ಲಿ ಪಳಗಿದ ಅಜ್ಜಿಯರು ಏನು ಮಾಡ್ತಾರೆ, ಗಮನಿಸಿದ್ದೀರಾ? ಬೇಕಂತಲೇ ಒಂದು ಆಡನ್ನು ಹುಲಿಯ ಬಾಯಿಗೆ ಇಡ್ತಾರೆ. ಎದುರಿನವರು ಖುಷಿಯಾಗಿ ಹಾರಿಸ್ತಾರೆ. ಹುಲಿ ಹಾರಿ ಇಳಿದ ಜಾಗ ಮೂಲೆ ಆಗಿರುತ್ತೆ. ಮುಂದಿನ ಎರಡು ನಡೆಯಲ್ಲಿ ದಾರಿ ಮುಚ್ಚಿಹೋಗುತ್ತೆ. ಒಂದು ಆಡು ಹೋಯ್ತು, ಆದರೆ ಒಂದು ಹುಲಿ ಕಟ್ಟಿಬಿತ್ತು.

ಚದುರಂಗದಲ್ಲೂ, ಅಂದರೆ ಚೆಸ್ಸಿನಲ್ಲೂ, ಇದೇ ಥರದ ಆಟ ಇದೆ. ಆಟ ಶುರುವಾದ ನಾಲ್ಕೈದು ನಡೆಯೊಳಗೇ ಒಂದು ಕಾಲಾಳನ್ನು ಬೇಕಂತಲೇ ಎದುರಿನವರಿಗೆ ಬಿಟ್ಟುಕೊಡುವುದು. ಅದಕ್ಕೆ ಗ್ಯಾಂಬಿಟ್ ಅಂತ ಹೆಸರು. ಇಟಲಿ ಭಾಷೆಯಲ್ಲಿ ಕಾಲಿಗೆ ಇರುವ ಪದದಿಂದ ಅದು ಹುಟ್ಟಿತು. ಕುಸ್ತಿಯಲ್ಲಿ ಕಾಲು ಕೊಟ್ಟು ಬೀಳಿಸುತ್ತಾರಲ್ಲ, ಅದೇ ಅರ್ಥ. ಚೆಸ್ಸಿಗೆ ಈ ಮಾತನ್ನು ತಂದವರು ಸ್ಪೇನ್ ದೇಶದ ರೂಯ್ ಲೋಪೆಸ್ ಎಂಬ ಪಾದ್ರಿ, 1561ರಲ್ಲಿ ಬರೆದ ಪುಸ್ತಕದಲ್ಲಿ.

ಈಗ ನಮ್ಮ ಪ್ರಶ್ನೆ. ಆಟ ಹೊಸದಾಗಿ ಕಲಿಯುತ್ತಿರುವವರು ಹೀಗೆ ಕಾಲಾಳು ಕೊಟ್ಟು ಆಡಬಹುದೇ? ಅಥವಾ ಅದು ಪಳಗಿದವರ ಕೆಲಸ, ನಮಗೆ ಬೇಡ ಅಂತ ಬಿಡಬೇಕೇ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಶಾಲೆಗಳಿಂದ ಮಕ್ಕಳು ಚೆಸ್ ಮಣೆಯನ್ನು ಮನೆಗೆ ತರುತ್ತಿದ್ದಾರೆ. ಶಾಲಾ ಕ್ರೀಡಾಕೂಟದಲ್ಲಿ ಓಟ, ಕೊಕ್ಕೊ ಜೊತೆ ಚೆಸ್ಸೂ ಇದೆ. ಮಗಳು ಆಡೋಕೆ ಜೊತೆ ಹುಡುಕುತ್ತಾಳೆ. ಅಮ್ಮ ಕೂತುಕೊಳ್ಳುತ್ತಾರೆ. ಹೀಗೆ ನಮ್ಮ ಸಾಯಂಕಾಲದ ಕಲಿಕಾ ಕೇಂದ್ರಕ್ಕೂ ಮಣೆ ಬಂತು. ಅಕ್ಷರ ತಿದ್ದಿ ಮುಗಿದ ಮೇಲೆ ಅರ್ಧ ಗಂಟೆ ಆಡುತ್ತೇವೆ.

ಇದು ಗಂಡಸರ ಆಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಪಕ್ಕದ ಆಂಧ್ರದ ಕೋನೇರು ಹಂಪಿ 2002ರಲ್ಲಿ, 15ನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದರು. ಮಗು ಆದ ಮೇಲೆ ಮತ್ತೆ ಮಣೆ ಮುಂದೆ ಕೂತು 2019ರಲ್ಲಿ, ಮತ್ತೆ 2024ರಲ್ಲಿ, ವೇಗದ ಚೆಸ್ಸಿನಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್ ಆದರು. 2025ರ ಮಹಿಳಾ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಹಂಪಿ ಅವರನ್ನು ಸೋಲಿಸಿ ಗೆದ್ದವರು ನಾಗಪುರದ ಹುಡುಗಿ ದಿವ್ಯಾ ದೇಶಮುಖ್. ಎರಡೂ ಕಡೆ ನಮ್ಮ ದೇಶದ ಹೆಣ್ಣುಮಕ್ಕಳೇ.

ಕಾಯಿಗಳ ಬೆಲೆ

ಕೊಡುವ ಮೊದಲು ಬೆಲೆ ಗೊತ್ತಿರಬೇಕು. ಸಂತೆಯಲ್ಲಿ ಟೊಮೆಟೊ ಬಾಕ್ಸ್ ಕೊಡುವಾಗ ಬೆಲೆ ಕೇಳದೆ ಕೊಡ್ತೀರಾ? ಇಲ್ಲ ತಾನೆ. ಚೆಸ್ಸಿನಲ್ಲಿ ಬೆಲೆ ಹೀಗೆ ಲೆಕ್ಕ ಹಾಕುತ್ತಾರೆ. ಕಾಲಾಳಿಗೆ 1. ಕುದುರೆಗೆ 3, ಒಂಟೆಗೂ 3. ಆನೆಗೆ 5. ಮಂತ್ರಿಗೆ 9. ರಾಜನಿಗೆ ಬೆಲೆ ಕಟ್ಟೋ ಹಾಗಿಲ್ಲ. ರಾಜ ಸಿಕ್ಕಿಬಿದ್ದರೆ ಆಟವೇ ಮುಗೀತು. (ಒಂಟೆಯನ್ನು ಕೆಲವು ಮನೆಗಳಲ್ಲಿ ರಥ ಅಂತಾರೆ. ಹೆಸರು ಏನೇ ಇರಲಿ, ಓರೆಯಾಗಿ ಹೋಗುವ ಕಾಯಿ ಅದು.)

ಗ್ಯಾಂಬಿಟ್ಟಿನಲ್ಲಿ ಕೊಡುವುದು ಸಾಮಾನ್ಯವಾಗಿ ಒಂದು ಕಾಲಾಳು. ಅಂದರೆ ಒಂದು ರೂಪಾಯಿ ಅಂದುಕೊಳ್ಳಿ. ಆ ಒಂದು ರೂಪಾಯಿಗೆ ಏನು ಸಿಗುತ್ತೆ?

ಮುಖ್ಯವಾಗಿ ಸಿಗುವುದು ಹೊತ್ತು. ಇದನ್ನು ಹೇಗೆ ಹೇಳೋಣ ಅಂತ ನಾವು ಬಹಳ ಯೋಚಿಸಿದೆವು. ಕೊನೆಗೆ ರೇಷ್ಮೆ ಮನೆಯ ಮಾತೇ ಸರಿ ಅನ್ನಿಸಿತು. ಶಿಡ್ಲಘಟ್ಟದ ಅಕ್ಕಂದಿರಿಗೆ ಹೇಳಬೇಕಾಗಿಯೇ ಇಲ್ಲ. ಹುಳು ಹಣ್ಣಾದ ದಿನ ಚಂದ್ರಿಕೆಗೆ ಬಿಡಲೇಬೇಕು. ನಾಳೆ ಮಾಡೋಣ ಅಂದರೆ ಆಗಲ್ಲ. ಮನೆಯವರ ಕೈ ಸಾಲದಿದ್ದರೆ ಹೆಚ್ಚು ಕೂಲಿ ಕೊಟ್ಟಾದರೂ ಆಳು ಕರೀತೀರಿ. ಆ ಕೂಲಿ ದಂಡ ಅಲ್ಲ. ದುಡ್ಡು ಕೊಟ್ಟು ನೀವು ಹೊತ್ತನ್ನು ಕೊಂಡಿರಿ. ಆದರೆ ಹುಳು ಇನ್ನೂ ಹಣ್ಣಾಗಿಲ್ಲ, ಸೊಪ್ಪು ತಿನ್ನುತ್ತಲೇ ಇದೆ, ಆಗ ಆಳು ಕರೆದರೆ? ಕೂಲಿ ಹೋಯ್ತು, ಕೆಲಸ ಇಲ್ಲ. ಗ್ಯಾಂಬಿಟ್ಟೂ ಹಾಗೇ. ಕೊಂಡ ಹೊತ್ತನ್ನು ಬಳಸುವವರಿಗೆ ಲಾಭ. ಬಳಸದವರಿಗೆ ಕಾಲಾಳು ಹೋಗಿದ್ದಷ್ಟೇ ಲೆಕ್ಕ.

ಚೆಸ್ಸಿನಲ್ಲಿ ಹೊತ್ತು ಅಂದರೆ ನಡೆ. ನೀವು ಒಂದು ನಡೆ, ಅವರು ಒಂದು ನಡೆ. ಎದುರಿನವರು ನಿಮ್ಮ ಕಾಲಾಳನ್ನು ತಿನ್ನೋಕೆ ಒಂದು ನಡೆ ಖರ್ಚು ಮಾಡ್ತಾರೆ. ತಿಂದ ಕಾಯಿಯನ್ನು ಉಳಿಸಿಕೊಳ್ಳೋಕೆ ಇನ್ನೊಂದು. ಅಷ್ಟರಲ್ಲಿ ನಿಮ್ಮ ಕುದುರೆ, ಒಂಟೆ ಮನೆಯಿಂದ ಹೊರಬಂದು ಕೆಲಸಕ್ಕೆ ನಿಂತಿರುತ್ತವೆ. ಮೂರು ನಡೆ ಮುಂದೆ ಇದ್ದರೆ ಒಂದು ಕಾಲಾಳಿಗೆ ಸಮ ಅನ್ನೋದು ಹಳೇ ಆಟಗಾರರ ಅಂದಾಜು. ಹೊತ್ತಿನ ಜೊತೆಗೆ ಇನ್ನೆರಡು ಸಿಗಬಹುದು. ಮಣೆಯ ನಡುಮನೆ ನಮ್ಮ ಕೈಗೆ ಬರುವುದು. ಕಾಲಾಳು ಹೋದ ಜಾಗದಲ್ಲಿ ಆನೆಗೋ ಒಂಟೆಗೋ ದಾರಿ ತೆರೆಯುವುದು.

ಇಬ್ಬರು ಹೊಸಬರು

ನಮ್ಮ ಕೇಂದ್ರದಲ್ಲಿ ಒಬ್ಬ ಅಕ್ಕ ಇದ್ದಾರೆ. ಆಟ ಚೆನ್ನಾಗಿ ಅರ್ಥ ಆಗಿದೆ. ಆದರೆ ಒಂದು ಕಾಲಾಳನ್ನೂ ಬಿಡೋದಿಲ್ಲ. ಎದುರಿನವರು ಕಾಲಾಳನ್ನು ಮುಟ್ಟಿದರೆ ಸಾಕು, ಅದರ ಕಾವಲಿಗೆ ಕುದುರೆ ಬರುತ್ತೆ, ಆಮೇಲೆ ಮಂತ್ರಿಯೂ ಬರುತ್ತಾನೆ. ಕೊನೆಗೆ ಎಲ್ಲ ಕಾಯಿಗಳೂ ಕಾಲಾಳುಗಳ ಕಾವಲು ಕಾಯುತ್ತಾ ನಿಂತಿರುತ್ತವೆ. ರಾಜನ ಹತ್ತಿರ ಯಾರೂ ಇಲ್ಲ. "ಕೊಟ್ಟು ಕೊಟ್ಟೇ ಕೆಟ್ಟೋಳು ನಾನು, ಇಲ್ಲಾದರೂ ಏನೂ ಕೊಡಲ್ಲ ಟೀಚರಮ್ಮ" ಅಂತಾರೆ. ನಕ್ಕೆವು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಕಳೆದುಕೊಳ್ಳೋದಕ್ಕೆ ಹೆದರಿದವರ ಆಟ ಹೀಗೇ ಬಿಗಿದುಕೊಳ್ಳುತ್ತೆ.

ಇನ್ನೊಬ್ಬಳು ಏಳನೇ ಕ್ಲಾಸಿನ ಹುಡುಗಿ. ಅವಳ ಅಣ್ಣ ನಾಲ್ಕೇ ನಡೆಯಲ್ಲಿ ಗೆಲ್ಲುವ ಉಪಾಯ ಹೇಳಿಕೊಟ್ಟಿದ್ದ. ಅದು ಬಹಳ ಹಳೇ ಉಪಾಯ. ಮೊದಲು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಬೇಕು. ಆಮೇಲೆ ಒಂಟೆ, ಮಂತ್ರಿ ಎರಡನ್ನೂ ಹೊರಕ್ಕೆ ತರಬೇಕು. ಎರಡೂ ಸೇರಿ ಎದುರಾಳಿಯ ಎಫ್7 ಮನೆಯ ಮೇಲೆ ಕಣ್ಣಿಡಬೇಕು. ಆ ಮನೆಗೆ ಶುರುವಿನಲ್ಲಿ ರಾಜನನ್ನು ಬಿಟ್ಟರೆ ಬೇರೆ ಕಾವಲಿಲ್ಲ. ಎದುರಿನವರು ನೋಡದೇ ಇದ್ದರೆ ಮಂತ್ರಿ ಅಲ್ಲಿಗೆ ನುಗ್ಗಿ ಚೆಕ್‌ಮೇಟ್. ಊರಲ್ಲಿ ಅವಳು ಎಲ್ಲರನ್ನೂ ಸೋಲಿಸಿದಳು. ಅವರಮ್ಮನಿಗೆ ಹೆಮ್ಮೆ.

ತಾಲ್ಲೂಕು ಪಂದ್ಯದಲ್ಲಿ ಎದುರಿನ ಹುಡುಗಿಗೆ ಆ ಉಪಾಯ ಗೊತ್ತಿತ್ತು. ಕಾಲಾಳಿನಿಂದ ಒಮ್ಮೆ ಅಟ್ಟಿದಳು, ಕುದುರೆಯಿಂದ ಇನ್ನೊಮ್ಮೆ. ಮಂತ್ರಿ ಓಡೋದೇ ಕೆಲಸ ಆಯ್ತು. ಮಂತ್ರಿ ಓಡುವ ಪ್ರತಿ ನಡೆಗೂ ಎದುರಿನವಳ ಒಂದೊಂದು ಕಾಯಿ ಹೊರಗೆ ಬರುತ್ತಿತ್ತು. ಹದಿನೈದು ನಡೆಯೊಳಗೆ ಆಟ ಮುಗೀತು. ಮನೆಗೆ ಬಂದವಳೇ ಮಣೆಯನ್ನು ಅಟ್ಟಕ್ಕೆ ಹಾಕಿದಳು. ಅವರಮ್ಮ ನಮ್ಮ ಕೇಂದ್ರಕ್ಕೆ ಬರುವವರೇ. "ಸೋಲೋ ಆಟ ಯಾಕೆ ಟೀಚರಮ್ಮ, ಹುಳಕ್ಕೆ ಸೊಪ್ಪು ಹಾಕಲಿ ಬಿಡಿ" ಅಂದುಬಿಟ್ಟರು.

ನೋಡಿ, ಇಲ್ಲಿ ಹೋಗಿದ್ದು ಒಂದು ಆಟ ಅಲ್ಲ. ಒಬ್ಬ ಹುಡುಗಿಯ ಆಟವೇ ಹೋಗುವ ಹಾಗಿತ್ತು. ಅವಳು ಕಲಿತದ್ದು ಚೆಸ್ ಅಲ್ಲ, ಎದುರಿನವರು ತಪ್ಪು ಮಾಡಲಿ ಅಂತ ಕಾಯುವುದನ್ನು. ಅವರು ತಪ್ಪು ಮಾಡದೇ ಇದ್ದಾಗ ಅವಳ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಹಾಗಾಗಿ ನಾಲ್ಕು ನಡೆಯ ಉಪಾಯವನ್ನು ನಾವು ಗ್ಯಾಂಬಿಟ್ ಅನ್ನುವುದಿಲ್ಲ. ಅಲ್ಲಿ ಕಾಲಾಳನ್ನು ಕೊಡುವುದೂ ಇಲ್ಲ, ಹೊತ್ತನ್ನು ಕೊಳ್ಳುವುದೂ ಇಲ್ಲ. ಮಂತ್ರಿಯನ್ನು ಬೇಗ ಬೀದಿಗೆ ತಂದು ಹೊತ್ತು ಕಳೆಯುವುದು ಅದು. ನಿಮ್ಮ ಮಕ್ಕಳಿಗೆ ಅದನ್ನು ಕಲಿಸಬೇಡಿ. ಅದರಿಂದ ತಪ್ಪಿಸಿಕೊಳ್ಳೋದನ್ನು ಮಾತ್ರ ಖಂಡಿತ ಕಲಿಸಿ. ಎಫ್7ಕ್ಕೆ ಇನ್ನೊಂದು ಕಾವಲು ಹಾಕಿ, ಇಲ್ಲವೇ ಮಂತ್ರಿಯ ದಾರಿಗೆ ಕಾಲಾಳನ್ನು ಅಡ್ಡ ಇಡಿ. ಅಷ್ಟು ಸಾಕು.

ಮನೆಗೆ ಹೆಸರು

ಎಫ್7 ಅಂದರೆ ಏನು ಅಂತ ಕೇಳಬಹುದು. ಮಣೆಯ ಅಂಚನ್ನು ನೋಡಿ. ಒಂದು ಬದಿಗೆ ಎ ಇಂದ ಎಚ್ ತನಕ ಎಂಟು ಇಂಗ್ಲಿಷ್ ಅಕ್ಷರ. ಇನ್ನೊಂದು ಬದಿಗೆ 1 ರಿಂದ 8ರ ತನಕ ಅಂಕಿ. ಅಕ್ಷರ, ಅಂಕಿ ಎರಡೂ ಕೂಡುವ ಜಾಗವೇ ಮನೆಯ ಹೆಸರು. ಬಸ್ಸಿನ ನಂಬರ್ ಓದೋದು ಕಲಿತ ನಿಮಗೆ ಇದು ಕಷ್ಟ ಅಲ್ಲ. 64 ಮನೆಗೂ ಹೀಗೆ ಹೆಸರಿದೆ. ಬಿಳಿ ಕಾಯಿಯವರ ರಾಜ ಇ1ರಲ್ಲಿ ನಿಲ್ಲುತ್ತಾನೆ, ಮಂತ್ರಿ ಡಿ1ರಲ್ಲಿ.

ಮಂತ್ರಿ ಗ್ಯಾಂಬಿಟ್

ಹೊಸಬರಿಗೆ ನಾವು ಮೊದಲು ಹೇಳಿಕೊಡುವುದು ಇದನ್ನೇ. ಮಣೆ ಇದ್ದರೆ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಬಿಳಿಯವರು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ ಡಿ4ಕ್ಕೆ ತರುತ್ತಾರೆ. ಕರಿಯವರೂ ಹಾಗೇ ಡಿ5ಕ್ಕೆ. ಈಗ ಎರಡು ಕಾಲಾಳು ಎದುರುಬದುರು. ಬಿಳಿಯವರು ಪಕ್ಕದ ಕಾಲಾಳನ್ನು ಸಿ4ಕ್ಕೆ ಇಡುತ್ತಾರೆ. ಇದೇ ಕೊಡುವ ಕಾಲಾಳು. ಕರಿಯವರ ಕಾಲಾಳು ಓರೆಯಾಗಿ ಹೊಡೆದು ಅದನ್ನು ತಿನ್ನಬಹುದು.

ತಿಂದರು ಅಂದುಕೊಳ್ಳಿ. ಬಿಳಿಯವರು ಗಾಬರಿ ಆಗಬೇಕಿಲ್ಲ. ರಾಜನ ಮುಂದಿನ ಕಾಲಾಳನ್ನು ಒಂದೇ ಮನೆ ನಡೆಸಿ ಇ3ಕ್ಕೆ ಇಡಿ. ಒಂಟೆಗೆ ದಾರಿ ತೆರೆಯಿತು. ಮುಂದಿನ ನಡೆಯಲ್ಲಿ ಆ ಒಂಟೆ ಸಿ4ಕ್ಕೆ ಹೋಗಿ ಕರಿ ಕಾಲಾಳನ್ನು ತಿನ್ನುತ್ತೆ. ಲೆಕ್ಕ ಸಮ. ಜೊತೆಗೆ ನಿಮ್ಮ ಒಂಟೆ ಹೊರಗೆ ಬಂತು, ಕರಿಯವರ ಕಾಲಾಳು ನಡುಮನೆ ಬಿಟ್ಟು ಹೋಯ್ತು.

ಕರಿಯವರು ಆಸೆಗೆ ಬಿದ್ದು ತಿಂದದ್ದನ್ನು ಉಳಿಸಿಕೊಳ್ಳೋಕೆ ಹೋದರೆ? ಬಿ5ಕ್ಕೆ ಕಾಲಾಳು ತಂದು ಕಾವಲು ಹಾಕುತ್ತಾರೆ. ಆಗ ನೀವು ಮೂಲೆ ಆನೆಯ ಮುಂದಿನ ಕಾಲಾಳನ್ನು ಎ4ಕ್ಕೆ ನಡೆಸಿ. ಅವರು ಸಿ6ಕ್ಕೆ ಇನ್ನೊಂದು ಕಾಲಾಳನ್ನು ಕಾವಲಿಗೆ ತರುತ್ತಾರೆ. ನೀವು ಬಿ5ರಲ್ಲಿ ಹೊಡೆಯಿರಿ, ಅವರು ತಿರುಗಿ ಹೊಡೆಯುತ್ತಾರೆ. ಈಗ ನಿಮ್ಮ ಮಂತ್ರಿಯನ್ನು ಓರೆಯಾಗಿ ಎಫ್3ಕ್ಕೆ ತನ್ನಿ. ದೂರದ ಮೂಲೆಯವರೆಗೂ ದಾರಿ ಬಯಲು. ಎ8ರಲ್ಲಿರುವ ಕರಿ ಆನೆಗೆ ಮಂತ್ರಿ ಗುರಿ ಇಟ್ಟಾಯ್ತು. ಆ ಆನೆ ಉಳಿಯಬೇಕಾದರೆ ಕುದುರೆಯನ್ನೋ ಒಂಟೆಯನ್ನೋ ಅಡ್ಡ ಕೊಡಬೇಕು. ಒಂದು ರೂಪಾಯಿ ಬಿಡಲಾರದೆ ಮೂರು ರೂಪಾಯಿ ಹೋಯ್ತು. ಕರಿಯವರ ಅತಿ ಆಸೆಯೇ ಇಲ್ಲಿ ನಿಮ್ಮ ಕೆಲಸ ಮಾಡಿತು. ಇಲ್ಲೂ ಮಂತ್ರಿ ಬೇಗ ಹೊರಬಂದ ನಿಜ, ಆದರೆ ಸುಮ್ಮನೆ ಬರಲಿಲ್ಲ. ದಾರಿ ಬಯಲಾದ ಮೇಲೆ, ಒಂದು ಗುರಿ ನೋಡಿಕೊಂಡೇ ಬಂದ.

ಇದನ್ನು ಸಾಲ ಕೊಟ್ಟ ಹಾಗೆ ಅನ್ನಬಹುದು. ಸಾಮಾನ್ಯವಾಗಿ ಹಿಂದಕ್ಕೆ ಬರುವ ಸಾಲ. ಅದಕ್ಕೇ ಇದು ನಿಜವಾದ ಗ್ಯಾಂಬಿಟ್ಟೇ ಅಲ್ಲ ಅಂತ ವಾದಿಸುವವರೂ ಇದ್ದಾರೆ. ವಾದ ಇರಲಿ. ದೊಡ್ಡ ಪಂದ್ಯಗಳಲ್ಲೂ ಇದನ್ನು ಇಂದಿಗೂ ಆಡುತ್ತಾರೆ. 1927ರಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಕಾಪಬ್ಲಾಂಕಾ, ಅಲೆಖೈನ್ ಎಂಬ ಇಬ್ಬರು 34 ಆಟ ಆಡಿದರು. ಅದರಲ್ಲಿ 32 ಆಟ ಶುರುವಾದದ್ದು ಮಂತ್ರಿ ಗ್ಯಾಂಬಿಟ್ಟಿನಿಂದಲೇ. ಆ 32ರಲ್ಲೂ ಕರಿಯವರು ಕೊಟ್ಟ ಕಾಲಾಳನ್ನು ತಿನ್ನಲಿಲ್ಲ. ಬೇಡ ಅನ್ನುವ ಹಕ್ಕೂ ಆಟದಲ್ಲಿದೆ.

ರಾಜನ ಗ್ಯಾಂಬಿಟ್

ಇದು ಬೇರೆ ಜಾತಿ. ಇಲ್ಲಿ ಎರಡೂ ಕಡೆಯ ರಾಜನ ಮುಂದಿನ ಕಾಲಾಳು ನಡುವೆ ಬಂದ ಮೇಲೆ, ಬಿಳಿಯವರು ಎಫ್4ಕ್ಕೆ ಕಾಲಾಳನ್ನು ಇಟ್ಟು ಕೊಡುತ್ತಾರೆ. ಎಫ್ ಸಾಲು ಅಂದರೆ ರಾಜನ ಪಕ್ಕದ ಬಾಗಿಲು. ಅದನ್ನು ತೆರೆದ ಮೇಲೆ ಎದುರಿನವರ ಮಂತ್ರಿ ಎಚ್4ಕ್ಕೆ ಬಂದರೆ ನೇರವಾಗಿ ನಿಮ್ಮ ರಾಜನಿಗೇ ಚೆಕ್. ರಾಜ ತಾನೇ ಎದ್ದು ಓಡಬೇಕಾಗುತ್ತೆ. ಒಮ್ಮೆ ರಾಜ ಕದಲಿದರೆ ಆನೆಯ ಜೊತೆ ಸೇರಿ ಕೋಟೆ ಕಟ್ಟುವ ನಡೆ, ಕ್ಯಾಸಲಿಂಗ್ ಅಂತಾರಲ್ಲ, ಅದು ಆಮೇಲೆ ಸಿಗೋದಿಲ್ಲ. ಕುದುರೆಯನ್ನು ತಕ್ಷಣ ಎಫ್3ಕ್ಕೆ ತಂದರೆ ಮಂತ್ರಿಯ ಈ ದಾಳಿ ನಿಲ್ಲುತ್ತೆ. ಅದು ಗೊತ್ತಿಲ್ಲದವರು ಈ ಆಟಕ್ಕೆ ಕೈ ಹಾಕಬಾರದು.

ಇದರ ಹೆಸರು ದೊಡ್ಡದಾಗಿದ್ದು 1851ರಲ್ಲಿ. ಲಂಡನ್ನಿನಲ್ಲಿ ಆಂಡರ್ಸನ್ ಎಂಬ ಜರ್ಮನ್ ಮೇಷ್ಟ್ರು ಇದನ್ನು ಆಡಿ ಒಂಟೆ ಕೊಟ್ಟರು, ಎರಡು ಆನೆ ಕೊಟ್ಟರು, ಮಂತ್ರಿಯನ್ನೂ ಕೊಟ್ಟರು. ಉಳಿದ ಸಣ್ಣ ಕಾಯಿಗಳಿಂದಲೇ ಚೆಕ್‌ಮೇಟ್ ಮಾಡಿದರು. ಇವತ್ತಿಗೂ ಅದಕ್ಕೆ ಅಮರ ಆಟ ಅಂತ ಹೆಸರು. ಆದರೆ ಒಂದು ಮಾತು ಮರೆಯಬಾರದು. ಅದು ಪಂದ್ಯದ ಆಟ ಅಲ್ಲ. ಪಂದ್ಯದ ಬಿಡುವಿನಲ್ಲಿ ಸುಮ್ಮನೆ ಕೂತು ಆಡಿದ್ದು. ಸೋತಿದ್ದರೂ ಏನೂ ಹೋಗುತ್ತಿರಲಿಲ್ಲ.

ಅಮೆರಿಕದ ಬಾಬಿ ಫಿಶರ್ 1960ರಲ್ಲಿ ಸೋವಿಯತ್ ರಷ್ಯದ ಸ್ಪಾಸ್ಕಿ ಎದುರು ಇದೇ ಆಟದಲ್ಲಿ ಸೋತರು. ಮಾರನೇ ವರ್ಷ ಈ ಗ್ಯಾಂಬಿಟ್ ಉಳಿಯೋದಿಲ್ಲ ಅಂತ ಲೇಖನ ಬರೆದರು. ತಮಾಷೆ ಏನೆಂದರೆ, ಆಮೇಲೆ ಕೆಲವು ಸಲ ಅವರೇ ಬಿಳಿ ಕಾಯಿ ಹಿಡಿದು ಇದನ್ನು ಆಡಿ ಗೆದ್ದರು. ಪಳಗಿದ ಕೈಗೆ ಯಾವ ಕುಡುಗೋಲಾದರೂ ಸರಿ. ಹೊಸಬರಿಗೆ ಇದು ಆಮೇಲೆ ಇರಲಿ ಅನ್ನೋದು ನಮ್ಮ ಅಭಿಪ್ರಾಯ.

ರಾಜನ ಬಾಗಿಲು ತೆರೆಯದೆ ನಿಜವಾಗಿಯೂ ಕಾಲಾಳು ಕೊಟ್ಟು ನೋಡಬೇಕು ಅನ್ನುವವರಿಗೆ ಇವಾನ್ಸ್ ಗ್ಯಾಂಬಿಟ್ ಇದೆ. ಇವಾನ್ಸ್ ಹಡಗಿನ ಕ್ಯಾಪ್ಟನ್. 1820ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಎರಡೂ ಕಡೆಯವರು ಕುದುರೆ, ಒಂಟೆ ಹೊರತಂದ ಮೇಲೆ ಬಿಳಿಯವರು ಬಿ4ಕ್ಕೆ ಕಾಲಾಳು ಇಡುತ್ತಾರೆ. ಕರಿ ಒಂಟೆ ಬಂದು ತಿನ್ನುತ್ತೆ. ಬಿಳಿಯವರು ಸಿ3ಕ್ಕೆ ಕಾಲಾಳು ತಂದು ಅದೇ ಒಂಟೆಯನ್ನು ಅಟ್ಟುತ್ತಾರೆ. ಒಂದೇ ಒಂಟೆ ಮೂರು ಸಲ ನಡೆಯಿತು. ಅಷ್ಟರಲ್ಲಿ ಬಿಳಿಯವರು ನಡುಮನೆಗೆ ಕಾಲಾಳು ನುಗ್ಗಿಸಿ, ರಾಜನನ್ನು ಕೋಟೆಯೊಳಗೆ ಇಡಬಹುದು. ಹೊತ್ತು ಕೊಳ್ಳೋದು ಅಂದರೆ ಏನು ಅಂತ ಇಲ್ಲಿ ಕಣ್ಣಿಗೇ ಕಾಣುತ್ತೆ.

ಉಪಾಯ ಇಲ್ಲದೆ ಗೆದ್ದವರು

ಹಾಗಾದರೆ ಗ್ಯಾಂಬಿಟ್ ಬಾರದವರು ಗೆಲ್ಲೋದೇ ಇಲ್ಲವೇ? ಗೆಲ್ಲುತ್ತಾರೆ. ಇಬ್ಬರ ಕತೆ ಹೇಳುತ್ತೇವೆ.

ಚೆಸ್ ಹುಟ್ಟಿದ್ದು ನಮ್ಮ ದೇಶದಲ್ಲೇ, ಚತುರಂಗ ಅಂತ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಒಗಟುಗಳನ್ನು ಕಟ್ಟುವುದರಲ್ಲಿ ಹೆಸರಾದವರು. ಆದರೆ ನಮ್ಮ ದೇಶದ ಹಳೇ ಪದ್ಧತಿಯಲ್ಲಿ ಕಾಲಾಳು ಶುರುವಿನಲ್ಲೂ ಒಂದೇ ಮನೆ ನಡೆಯುತ್ತಿತ್ತು. ಹೀಗಾಗಿ ಆಟ ನಿಧಾನ. ಈಗ ನಾವು ಹೇಳಿದ ಗ್ಯಾಂಬಿಟ್‌ಗಳಿಗೆ ಅಲ್ಲಿ ಜಾಗವೇ ಇರಲಿಲ್ಲ.

ಆ ಪದ್ಧತಿಯಲ್ಲಿ ಬೆಳೆದವರು ಪಂಜಾಬಿನ ಮೀರ್ ಸುಲ್ತಾನ್ ಖಾನ್. 1929ರಲ್ಲಿ ಅವರ ಯಜಮಾನರಾದ ಸರ್ ಉಮರ್ ಹಯಾತ್ ಖಾನ್ ಅವರನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಅಲ್ಲಿಯವರು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಶುರುವಿನ ನಡೆಗಳು ಇವರಿಗೆ ಹೊಸದು. ಹಾಗಿದ್ದೂ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಗೆದ್ದರು. ಶುರುವಿನಲ್ಲಿ ಸ್ವಲ್ಪ ಹಿಂದೆ ಬಿದ್ದರೂ ಆಮೇಲೆ ತಾಳ್ಮೆಯಿಂದ ಆಡಿ ಹಿಡಿದುಬಿಡುತ್ತಿದ್ದರು.

ಅದೇ ಯಜಮಾನರ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ಫಾತಿಮಾ. 1933ರಲ್ಲಿ ಆಕೆ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು. ಮನೆಗೆಲಸದ ಹೆಣ್ಣುಮಗಳು, ಪರದೇಶದಲ್ಲಿ, ಅವರದೇ ಪಂದ್ಯದಲ್ಲಿ. ನಮ್ಮ ಕೇಂದ್ರದಲ್ಲಿ ಇದನ್ನು ಹೇಳಿದಾಗ ಎಲ್ಲರೂ ಸುಮ್ಮನೆ ಕೂತುಬಿಟ್ಟರು. ಆಮೇಲೆ ಒಬ್ಬರು "ಆಯಮ್ಮನಿಗೆ ಕೂಲಿ ಎಷ್ಟು ಕೊಡ್ತಿದ್ರಂತೆ?" ಅಂತ ಕೇಳಿದರು.

ಎಲ್ಲಿ ಕೊಡಬಹುದು, ಎಲ್ಲಿ ಬೇಡ

ನಮ್ಮ ಕಡೆ ಸಾವಿರ ಅಡಿ ದಾಟಿ ಕೊರೆಸಿದರೂ ನೀರು ಕಾಣದ ಬೋರ್‌ವೆಲ್‌ಗಳು ಎಷ್ಟೋ ಇವೆ. ಒಡವೆ ಅಡವಿಟ್ಟ ದುಡ್ಡು ಮಣ್ಣಿಗೆ ಹೋದದ್ದನ್ನು ನೀವೇ ನೋಡಿದ್ದೀರಿ. ಧೈರ್ಯ ಮಾಡು ಅಂತ ಯಾರಾದರೂ ಹೇಳಿದರೆ ನಿಮಗೆ ಮೊದಲು ನೆನಪಾಗೋದು ಅದೇ. ಸಹಜ.

ಆದರೆ ಮಣೆಯ ಮೇಲೆ ಹೋದ ಕಾಲಾಳು ಎಲ್ಲೂ ಹೋಗಿರೋದಿಲ್ಲ. ಮಣೆಯ ಪಕ್ಕದಲ್ಲೇ ಬಿದ್ದಿರುತ್ತೆ. ಆಟ ಮುಗಿದ ಮೇಲೆ ಎತ್ತಿ ಮೊದಲಿನ ಜಾಗದಲ್ಲಿ ಇಟ್ಟರಾಯ್ತು. ಮನೆಯಲ್ಲಿ, ಕೇಂದ್ರದಲ್ಲಿ ಆಡುವಾಗ ಧಾರಾಳವಾಗಿ ಕಾಲಾಳು ಕೊಟ್ಟು ನೋಡಿ. ಅಷ್ಟು ಅಗ್ಗವಾಗಿ ಧೈರ್ಯ ಕಲಿಯುವ ಜಾಗ ಬೇರೆ ಸಿಗೋದಿಲ್ಲ. ಕಾಸು ಕಟ್ಟಿ ಮಾತ್ರ ಆಡಬೇಡಿ, ಆಗ ಅದು ಜೂಜು.

ಪಂದ್ಯದಲ್ಲಿ ಬೇರೆ. ಅಲ್ಲಿ ಮಗು ಮೊದಲ ಸಲ ಹೋಗುವಾಗ ಮಂತ್ರಿ ಗ್ಯಾಂಬಿಟ್ ಸಾಕು. ಕೊಟ್ಟದ್ದು ಸಾಮಾನ್ಯವಾಗಿ ಹಿಂದಕ್ಕೆ ಬರುವ ಆಟ. ಬೇರೆಯದನ್ನು ಮನೆಯಲ್ಲಿ ಹತ್ತು ಆಟವಾದರೂ ಆಡಿ, ಕೊಟ್ಟ ಕಾಲಾಳಿಗೆ ಏನು ಸಿಕ್ಕಿತು ಅಂತ ಮಗು ತಾನೇ ಬಾಯಿಬಿಟ್ಟು ಹೇಳುವಂತಾದ ಮೇಲೆ ಆಡಲಿ. ಹೇಳೋಕೆ ಬರದಿದ್ದರೆ ಇನ್ನೂ ಹೊತ್ತಾಗಿಲ್ಲ ಅಂತ ಅರ್ಥ. ಕುದುರೆ, ಆನೆ ಕೊಡುವ ಆಟಗಳು ಸದ್ಯಕ್ಕೆ ಬೇಡವೇ ಬೇಡ.

ಎದುರಿನವರು ನಿಮಗೇ ಕಾಲಾಳು ಕೊಟ್ಟರೆ? ಯಾಕೆ ಕೊಟ್ಟರು ಅಂತ ಮೊದಲು ನೋಡಿ. ಮೋಸ ಕಾಣದಿದ್ದರೆ ತಗೊಳ್ಳಿ, ಹೆದರಬೇಡಿ. ತಗೊಂಡ ಮೇಲೆ ಮತ್ತೆ ಕಾಲಾಳುಗಳ ಹಿಂದೆ ಹೋಗಬೇಡಿ. ಕುದುರೆ, ಒಂಟೆ ಹೊರಗೆ ತನ್ನಿ, ರಾಜನನ್ನು ಕೋಟೆಯೊಳಗೆ ಇಡಿ. ಕಷ್ಟ ಬಂದರೆ ತಿಂದ ಕಾಲಾಳನ್ನು ವಾಪಸ್ ಕೊಟ್ಟುಬಿಡಿ. ಲೆಕ್ಕ ಸಮವಾಗುತ್ತೆ, ಅವರ ದಾಳಿ ಮುಗಿಯುತ್ತೆ. ದೊಡ್ಡ ಆಟಗಾರರೂ ಇದನ್ನೇ ಮಾಡ್ತಾರೆ. ನಮ್ಮ ಕೊಡದ ಅಕ್ಕನಿಗೆ ಈ ಮಾತು ಬಹಳ ಹಿಡಿಸಿತು. "ಅವರದ್ದನ್ನೇ ಅವರಿಗೆ ಕೊಡೋದು, ಅದು ಆಗಬಹುದು" ಅಂದರು. ಹೋದ ವಾರ ಮೊದಲ ಸಲ ಒಂದು ಕಾಲಾಳು ಬಿಟ್ಟರು.

ಆ ಏಳನೇ ಕ್ಲಾಸಿನ ಹುಡುಗಿಯ ಮನೆಗೆ ನಾವು ಒಂದು ಸಾಯಂಕಾಲ ಹೋಗಿದ್ದೆವು. ಅವರಮ್ಮನಿಗೇ ಮಂತ್ರಿ ಗ್ಯಾಂಬಿಟ್ ತೋರಿಸಿದೆವು, ಮಗಳಿಗಲ್ಲ. ಮಗಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ಅಮ್ಮ ಒಂಟೆಯನ್ನು ತಪ್ಪು ದಾರಿಯಲ್ಲಿ ತಂದಾಗ ತಡೆಯಲಾರದೆ ಬಂದು ಪಕ್ಕದಲ್ಲಿ ಕೂತಳು. ಈಗ ರಾತ್ರಿ ಸೊಪ್ಪು ಹಾಕಿ ಬಂದ ಮೇಲೆ ಇಬ್ಬರೂ ಆಡುತ್ತಾರೆ. ಆಡಿದ ಆಟವನ್ನು ಅಮ್ಮ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನೀವೂ ಹಾಗೆ ಬರೆಯಿರಿ. ಪ್ರತಿ ಆಟಕ್ಕೂ ಮೂರು ಸಾಲು ಸಾಕು. ಅವರ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

ಕೊಟ್ಟಿದ್ದು: ಸಿ4 ಕಾಲಾಳು.
ಸಿಕ್ಕಿದ್ದು: ಕಾಲಾಳು ವಾಪಸ್ ಬಂತು. ಒಂಟೆ ಹೊರಗೆ ಬಂತು.
ಸೋತೆ. ಕುದುರೆ ನೋಡಲಿಲ್ಲ. ನಾಳೆ ಮತ್ತೆ ಬಿಳಿ ನನಗೆ.